ಸರ್ ಕೆ. ಶೇಷಾದ್ರಿ ಅಯ್ಯರ್ (1845–1901): ಗಣಿಗೆ ವಿದ್ಯುತ್ತು ತಂದ ದಿವಾನರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಿಂದ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಈ ಕಿರುಪರಿಚಯವನ್ನು ನೀಡಲಾಗಿದೆ. ಮೈಸೂರು ಸಂಸ್ಥಾನವು ಮೊದಲು ಭಾರಿ ಪ್ರಮಾಣದಲ್ಲಿ ವಿದ್ಯುತ್ ಪೂರೈಸಿದ್ದು ಮನೆದೀಪಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಎಂಬುದು ಗಮನಾರ್ಹ.

ಪಾಲಕ್ಕಾಡ್ ಸೀಮೆಯಲ್ಲಿ 1845ರ ಜೂನ್ 1ರಂದು ಜನಿಸಿದ ಶೇಷಾದ್ರಿ ಅಯ್ಯರ್ ಅವರು ಮದರಾಸಿನಲ್ಲಿ ಪದವಿ ಪಡೆದು 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾದರು. ಭೂವಿಜ್ಞಾನ ಇಲಾಖೆ ಸ್ಥಾಪನೆಯಾದದ್ದು (1894) ಇವರ ಅವಧಿಯಲ್ಲಿಯೇ.

ಕೋಲಾರದ ಗಣಿಗಳು ಆಗ ಉಗಿಯಂತ್ರಗಳನ್ನು ಅವಲಂಬಿಸಿದ್ದವು. ಸೌದೆ, ಕಲ್ಲಿದ್ದಲುಗಳ ವೆಚ್ಚ ಅಪಾರ. ಗಣಿ ಆಳವಾದಂತೆ ನೀರೆತ್ತುವ, ಅದಿರೆತ್ತುವ ಹೊರೆಯೂ ಹೆಚ್ಚುತ್ತಿತ್ತು. ನೆಲದಡಿಯಲ್ಲಿ ಉರಿಯುವ ಯಾವುದೇ ದೀಪ ಗಾಳಿಯನ್ನು ಕೆಡಿಸುತ್ತದೆ. ತಂತಿಯಲ್ಲಿ ಬರುವ ಶಕ್ತಿಗೆ ಹೊಗೆಯಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿ.ಮೀ. ದೂರದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ಸಿದ್ಧಪಡಿಸಿದರು. ಅಷ್ಟು ಉದ್ದದ ಮಾರ್ಗ ಭಾರತದಲ್ಲಿ ಅದುವರೆಗೆ ಇರಲಿಲ್ಲ. ಯೋಜನೆ ವಿಫಲವಾಗಿದ್ದರೆ ನಷ್ಟವೆಲ್ಲ ಸಂಸ್ಥಾನದ ಬೊಕ್ಕಸಕ್ಕೆ. ಆದುದರಿಂದ ಗಣಿ ಕಂಪನಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಡನೆ ವಿದ್ಯುತ್ ಖರೀದಿಯ ಒಪ್ಪಂದವನ್ನು ಮುಂಚಿತವಾಗಿಯೇ ಕುದುರಿಸಲಾಯಿತು. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಯೋಜನೆಯ ನಿಜವಾದ ಜಾಣ್ಮೆ ಇಲ್ಲಿದೆ.

ತಾಂತ್ರಿಕ ಆಯ್ಕೆಯೂ ಯಂತ್ರಗಳ ಪರವಾಗಿಯೇ ಇತ್ತು. ಈಗ ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಶಿವನಸಮುದ್ರದ್ದು 25 ಆವರ್ತನದ್ದಾಗಿತ್ತು. ದೊಡ್ಡ ಮೋಟಾರುಗಳಿಗೂ ದೂರದ ಮಾರ್ಗಕ್ಕೂ ಅದು ಅನುಕೂಲ. ದೀಪಕ್ಕೆ ಮಾತ್ರ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಆವರ್ತನ ಕಡಿಮೆಯಾದಷ್ಟೂ ಬೆಳಕಿನ ನಡುಕ ಕಣ್ಣಿಗೆ ತಿಳಿಯುತ್ತದೆ.

ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾದ ದಿವಾನರು ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. ಕೋಲಾರದ ಗಣಿಗೆ ವಿದ್ಯುತ್ತು ಹರಿದದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿದೀಪಗಳು 1905ರ ಆಗಸ್ಟ್‌ನಲ್ಲಿ ಬೆಳಗಿದವು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಮೈಸೂರು ರಾಜ್ಯದೊಡನೆ ಒಂದಾದದ್ದು 1956ರಲ್ಲಿ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು.