ಕ್ಯಾಸೆಟ್ಟಿನ ನಾವಡರು, ರಂಗಸ್ಥಳದ ನಾವಡರು

ಆಟದ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕಡೆಗೆ ಬಂದು ನಿಲ್ಲುವುದು ಒಂದೇ ಹೆಸರಿನ ಹತ್ತಿರ: ಗುಂಡ್ಮಿ ಕಾಳಿಂಗ ನಾವಡ. ತಮಾಷೆ ಎಂದರೆ ಹೀಗೆ ಜಗಳ ಆಡುವವರಲ್ಲಿ ನಾವಡರ ಆಟವನ್ನು ಎದುರು ಕೂತು ನೋಡಿದವರು ಯಾರೂ ಇರುವುದಿಲ್ಲ. ನಾವು ಹುಟ್ಟುವ ಎಷ್ಟೋ ವರ್ಷ ಮೊದಲೇ ಅವರು ಹೋಗಿಬಿಟ್ಟಿದ್ದರು. ನಮಗೆ ಸಿಕ್ಕಿದ್ದು ಫೋನಿನಲ್ಲಿ ಕೇಳುವ ಪದ್ಯಗಳು ಮಾತ್ರ. ಆದರೂ ಜಗಳಕ್ಕೆ ಏನೂ ಕಡಿಮೆ ಇಲ್ಲ. ಯಾವ ರೆಕಾರ್ಡಿಂಗ್ ಒಳ್ಳೆಯದು, ಸ್ಟುಡಿಯೋ ಕ್ಯಾಸೆಟ್ಟಾ, ಇಲ್ಲ ಡೇರೆಯೊಳಗೆ ಯಾರೋ ಟೇಪ್ ಇಟ್ಟು ಹಿಡಿದದ್ದಾ? ಯಾವ ಪದ್ಯ ಕ್ಯಾಸೆಟ್ಟಿಗೆ ಬರಬೇಕಿತ್ತು, ಬರಲಿಲ್ಲ? ಈ ಸಲದ ಸಂಚಿಕೆಯಲ್ಲಿ ನಾವಡರ ಬದುಕನ್ನು ಹೇಳುತ್ತಲೇ ಈ ಜಗಳಕ್ಕೂ ಒಂದು ಕೈ ಹಾಕೋಣ ಎಂದುಕೊಂಡಿದ್ದೇವೆ.

ಕಾಳಿಂಗ ನಾವಡರು ಹುಟ್ಟಿದ್ದು 1958ರ ಜೂನ್ 6ರಂದು. ಊರು ಸಾಲಿಗ್ರಾಮದ ಹತ್ತಿರದ ಗುಂಡ್ಮಿ. ಈಗ ಅದು ಉಡುಪಿ ಜಿಲ್ಲೆ. ಆಗ ಉಡುಪಿ ಜಿಲ್ಲೆ ಎಂಬುದೇ ಇರಲಿಲ್ಲ. 1997ರವರೆಗೂ ಇದೆಲ್ಲ ಅವಿಭಜಿತ ದಕ್ಷಿಣ ಕನ್ನಡ. ತಂದೆ ರಾಮಚಂದ್ರ ನಾವಡರು ಸ್ವತಃ ಭಾಗವತರು. ಹಾಗಾಗಿ ಮನೆಯಲ್ಲೇ ತಾಳ, ಮನೆಯಲ್ಲೇ ಪದ್ಯ. ಆಮೇಲೆ ಅವರನ್ನು ತಿದ್ದಿದವರು ನಾರಣಪ್ಪ ಉಪ್ಪೂರರು. ಬಡಗುತಿಟ್ಟಿನ ಭಾಗವತಿಕೆಯಲ್ಲಿ ಉಪ್ಪೂರರ ಹೆಸರು ಎಷ್ಟು ದೊಡ್ಡದು ಅಂದರೆ, ಆಮೇಲೆ ಪ್ರಸಿದ್ಧರಾದ ಸುಬ್ರಹ್ಮಣ್ಯ ಧಾರೇಶ್ವರರೂ ಅದೇ ಗರಡಿಯವರು. ಕೋಟದ ಅಮೃತೇಶ್ವರಿ ಮೇಳದಲ್ಲಿ ಗುರುಗಳ ಬದಿಯಲ್ಲಿ ಪಳಗಿದ ಹುಡುಗ, ಮುಂದೆ ಸಾಲಿಗ್ರಾಮ ಮೇಳದ ಭಾಗವತರಾಗಿ ಕರಾವಳಿ, ಮಲೆನಾಡು ಎರಡರಲ್ಲೂ ಮನೆಮಾತಾದರು. ಜನ ಅವರನ್ನು ಕರಾವಳಿ ಕೋಗಿಲೆ ಎಂದು ಕರೆದರು.

ಇಲ್ಲಿ ಭಾಗವತರೆಂದರೆ ಎಂತ ಎಂದು ಸ್ವಲ್ಪ ಹೇಳಬೇಕು, ಬೇರೆ ಊರಿನಿಂದ ಬಂದು ಓದುವ ಗೆಳೆಯರೂ ಇದನ್ನು ಓದುತ್ತಾರೆ. ರಂಗಸ್ಥಳದ ಹಿಂಭಾಗದಲ್ಲಿ ಕೂತು, ಕೈಯಲ್ಲಿ ತಾಳ ಹಿಡಿದು ಪದ್ಯ ಹೇಳುವವರು ಭಾಗವತರು. ಪಕ್ಕದಲ್ಲಿ ಮದ್ದಳೆ, ಇನ್ನೊಂದು ಬದಿ ಚೆಂಡೆ, ಜೊತೆಗೆ ಶ್ರುತಿ. ಆದರೆ ಅವರು ಬರೀ ಗಾಯಕರಲ್ಲ. ಇಡೀ ರಾತ್ರಿಯ ಆಟ ಅವರ ಕೈಯಲ್ಲಿ ಇರುತ್ತದೆ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ವೇಷಧಾರಿ ಕುಣಿದದ್ದು ಸಾಕಾ ಇನ್ನೂ ಬೇಕಾ, ಅರ್ಥ ಉದ್ದವಾದರೆ ಎಲ್ಲಿ ಪದ್ಯ ಹಾಕಿ ತಡೆಯಬೇಕು, ಎಲ್ಲವನ್ನೂ ತೀರ್ಮಾನಿಸುವವರು ಅವರೇ. ಪಾತ್ರ ರಂಗಕ್ಕೆ ಬಂದಾಗ ಅದನ್ನು ಮಾತಾಡಿಸಿ ವಿಚಾರಿಸುವವರೂ ಅವರೇ. ಸಿನಿಮಾದ ಭಾಷೆಯಲ್ಲಿ ಹೇಳುವುದಾದರೆ ಹಿನ್ನೆಲೆ ಗಾಯಕ, ನಿರ್ದೇಶಕ, ಸಂಕಲನಕಾರ ಮೂರೂ ಒಬ್ಬರೇ. ಅದೂ ರೀಟೇಕ್ ಇಲ್ಲದೆ, ಬೆಳಗಾಗುವವರೆಗೆ.

ಸಾಲಿಗ್ರಾಮ ಮೇಳ ಡೇರೆ ಮೇಳ. ಹರಕೆ ಆಟ ಆಡುವ ದೇವಸ್ಥಾನದ ಬಯಲಾಟ ಮೇಳಗಳಲ್ಲಿ ಪ್ರೇಕ್ಷಕರು ದುಡ್ಡು ಕೊಡಬೇಕಿಲ್ಲ. ಡೇರೆ ಮೇಳಕ್ಕೆ ಟಿಕೆಟ್ ಉಂಟು. ಟಿಕೆಟ್ ಹೋಗದಿದ್ದರೆ ಮೇಳ ನಡೆಯುವುದು ಕಷ್ಟ. ಎಂಬತ್ತರ ದಶಕದಲ್ಲಿ ಎದುರಾಳಿ ಸಿನಿಮಾ, ಆಮೇಲೆ ಟಿವಿ. ಆ ಒತ್ತಡದಲ್ಲಿ ಡೇರೆ ಮೇಳಗಳು ರಾಮಾಯಣ, ಮಹಾಭಾರತದ ಜೊತೆಗೆ ಹೊಸ ಕಾಲ್ಪನಿಕ ಪ್ರಸಂಗಗಳನ್ನು ತಂದವು. ನಾವಡರ ಹೆಸರು ಬೆಳಗಿದ್ದು ಈ ಹೊತ್ತಿನಲ್ಲೇ. ಚೆಲುವೆ ಚಿತ್ರಾವತಿ, ಅಮೃತಮತಿ ಮುಂತಾದ ಆಟಗಳು ಅವರ ಕಂಠದಿಂದ ಜನಪ್ರಿಯವಾದವು. ಅವರು ಹಾಡುವುದಷ್ಟೇ ಅಲ್ಲ, ಪ್ರಸಂಗವನ್ನೂ ಬರೆದರು. ನಾಗಶ್ರೀ ಅವರದ್ದೇ ರಚನೆ. ಇವತ್ತಿಗೂ ಯಾವ ಮೇಳ ನಾಗಶ್ರೀ ಆಡಿದರೂ ನೋಡುವವರು ಮನಸ್ಸಿನಲ್ಲೇ ನಾವಡರ ಜೊತೆ ಹೋಲಿಸಿ ನೋಡುತ್ತಾರೆ. ಪಾಪ, ಹಾಡುವ ಭಾಗವತರ ಪರಿಸ್ಥಿತಿ!

ಅವರ ಹಾಡಿನಲ್ಲಿ ಹೊಸತು ಏನಿತ್ತು? ಬಡಗುತಿಟ್ಟಿಗೆ ಅಷ್ಟು ರೂಢಿಯಲ್ಲಿಲ್ಲದ ರಾಗಗಳನ್ನು ಅವರು ಕರ್ನಾಟಕ, ಹಿಂದೂಸ್ತಾನಿ ಎರಡೂ ಕಡೆಯಿಂದ ತಂದರು. ಭಾವಗೀತೆಯ ಮೆದುತನವನ್ನು ಪದ್ಯದೊಳಗೆ ಸೇರಿಸಿದರು. ಒಂದು ಸಾಲನ್ನೇ ಮತ್ತೆ ಮತ್ತೆ ತಿರುಗಿಸಿ ಪ್ರತಿ ಸಲ ಬೇರೆ ಬಣ್ಣ ಕೊಟ್ಟರು. ಮೋಡ ಕಂಡು ಕುಣಿಯುವ ನವಿಲಿನ ಆ ಪದ್ಯವನ್ನು ಕೇಳದವರು ನಮ್ಮ ಕಡೆ ಕಡಿಮೆ. ಯಕ್ಷಗಾನ ನೋಡದವರ ಬಾಯಲ್ಲೂ ಅದು ಬರುತ್ತದೆ. ಎಲ್ಲರಿಗೂ ಇದು ಹಿಡಿಸಿತು ಅಂತಲ್ಲ. ಸಂಪ್ರದಾಯದ ಮಟ್ಟು ಜಾರಿತು, ಆಟ ಸಂಗೀತ ಕಚೇರಿಯಾಯಿತು, ವೇಷಕ್ಕಿಂತ ಹಾಡೇ ಮುಂದೆ ಬಂತು ಎಂದು ಹಿರಿಯರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾವು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ನಾವಡರ ನಂತರ ಅವರ ಧಾಟಿಯನ್ನು ಅನುಕರಿಸಿದ ಕೆಲವರಲ್ಲಿ ರಾಗ ಉಳಿಯಿತು, ಆಟದ ಹಿಡಿತ ಉಳಿಯಲಿಲ್ಲ. ಆದರೆ ತಪ್ಪು ನಾವಡರದ್ದಾ, ಅವರನ್ನು ಬರೀ ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತವರದ್ದಾ? ನಮ್ಮ ಜಗಳದ ಬೇರು ಇರುವುದು ಇಲ್ಲಿಯೇ.

1990ರ ಮೇ 27ರಂದು ಬೈಕಿನಲ್ಲಿ ಹೋಗುತ್ತಿದ್ದಾಗ ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡರು. ಮೂವತ್ತೆರಡು ತುಂಬಲು ಹತ್ತು ದಿನ ಬಾಕಿ ಇತ್ತು. ನಮ್ಮಲ್ಲಿ ಎಂ.ಟೆಕ್ ಮುಗಿಸಿ ಕೆಲಸದಲ್ಲಿ ನೆಲೆಗೊಳ್ಳುವ ವಯಸ್ಸು ಅದು. ಅಷ್ಟರೊಳಗೆ ಅವರು ಒಂದು ತಿಟ್ಟಿನ ಹಾಡಿನ ದಿಕ್ಕನ್ನೇ ಬದಲಿಸಿ ಹೋಗಿದ್ದರು. ಭಾಗವತರ ಕಂಠ ಐವತ್ತು ದಾಟಿದ ಮೇಲೆ ಬೇರೆ ಥರ ಮಾಗುತ್ತದೆ. ಎಂಬತ್ತರ ಹತ್ತಿರದವರೆಗೂ ಹಾಡಿದವರು ಉಂಟು. ನಾವಡರ ಆ ಕಂಠ ಯಾರಿಗೂ ಸಿಗಲಿಲ್ಲ.

ಉಳಿದದ್ದು ಟೇಪು. ಈಗ ಅದರ ವಿಷಯಕ್ಕೆ ಬರೋಣ.

ನಾವಡರ ಕಾಲ ಮತ್ತು ಕ್ಯಾಸೆಟ್ಟಿನ ಕಾಲ ಎರಡೂ ಒಂದೇ. ಅಂಗಡಿಯಲ್ಲಿ ಸಿಗುತ್ತಿದ್ದ ಕ್ಯಾಸೆಟ್ ಹೆಚ್ಚಾಗಿ 60 ನಿಮಿಷದ್ದು ಅಥವಾ 90 ನಿಮಿಷದ್ದು. ಆಟ ಇಡೀ ರಾತ್ರಿಯದ್ದು. ಎಂಟು ಗಂಟೆಯ ಆಟವನ್ನು ಒಂದೆರಡು ಕ್ಯಾಸೆಟ್ಟಿಗೆ ಇಳಿಸಬೇಕಾದರೆ ಕತ್ತರಿ ಹಾಕಲೇಬೇಕು. ಹೋಗುವುದು ಅರ್ಥ, ಹೋಗುವುದು ಕುಣಿತದ ಬಿಡ್ತಿಗೆ, ಚೆಂಡೆಯವರಿಗೆ ಬಿಟ್ಟುಕೊಟ್ಟ ಜಾಗ. ಉಳಿಯುವುದು ಪದ್ಯ. ಸ್ಟುಡಿಯೋ ಕ್ಯಾಸೆಟ್ಟಿನ ಪಕ್ಷದವರು ಹೇಳುವುದು ಸರಿಯೇ: ಅಲ್ಲಿ ಮಾತು ಸ್ಪಷ್ಟ, ಶ್ರುತಿ ಸ್ಥಿರ, ಉಸಿರು ಎಲ್ಲಿ ತೆಗೆದುಕೊಂಡರು ಎಂಬುದೂ ಗೊತ್ತಾಗುತ್ತದೆ. ಹೊಸದಾಗಿ ಕೇಳುವವರಿಗೆ ನಾವೂ ಅದನ್ನೇ ಕೊಡುತ್ತೇವೆ.

ಡೇರೆಯ ಪಕ್ಷದವರದ್ದು ಬೇರೆ ವಾದ. ಡೇರೆಯ ರೆಕಾರ್ಡಿಂಗ್‌ನಲ್ಲಿ ಮೈಕ್ ಸೆಟ್ಟಿನ ಗುಂಯ್ ಶಬ್ದ, ಮಗುವಿನ ಅಳು, ಶಿಳ್ಳೆ ಎಲ್ಲಾ ಇರುತ್ತದೆ. 90ರ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಬದಿ ತಿರುಗಿಸುವಷ್ಟರಲ್ಲಿ ಪದ್ಯದ ಎರಡು ಸಾಲು ಹೋಗಿರುತ್ತದೆ. ಆದರೆ ಒಂದು ಪದ್ಯ ಮುಗಿಯುವ ಮುಂಚೆ ಭಾಗವತರು ವೇಗ ಹೆಚ್ಚಿಸುವುದು, ವೇಷಧಾರಿ ಸುಸ್ತಾದಾಗ ಆಲಾಪ ಎಳೆದು ಉಸಿರಾಡಲು ಬಿಡುವುದು, ಸಭೆ ತೂಕಡಿಸುವ ಹೊತ್ತಿಗೆ ಏರು ಪದ್ಯ ಎತ್ತುವುದು, ಇದೆಲ್ಲ ಅಲ್ಲೇ ಕೇಳುವುದು. ಹೆಬ್ರಿ ಕಡೆಯ ಆಟಕ್ಕೂ ಕುಂದಾಪುರದ ಆಟಕ್ಕೂ ಒಂದೇ ಪದ್ಯ ಒಂದೇ ಥರ ಇರಬೇಕೆಂದಿಲ್ಲ. ಆ ರಾತ್ರಿಯ ವೇಷ ಯಾರದ್ದೋ ಅದರ ಮೇಲೆ ಪದ್ಯ ನಿಲ್ಲುತ್ತದೆ.

ಕಾಪು, ಕಾರ್ಕಳದ ಗೆಳೆಯರು ಇಲ್ಲಿ ನಡುವೆ ಬಾಯಿ ಹಾಕುತ್ತಾರೆ. ಅವರಲ್ಲಿ ಅನೇಕರು ತೆಂಕುತಿಟ್ಟು ಕೇಳಿ ಬೆಳೆದವರು, ಬಲಿಪ ನಾರಾಯಣ ಭಾಗವತರ ಅಭಿಮಾನಿಗಳು. ಭಾಗವತರನ್ನು ಅಳೆಯುವುದು ರಾಗದಿಂದಲ್ಲ, ಪ್ರಸಂಗ ನಡೆಸುವ ಕ್ರಮದಿಂದ ಎನ್ನುವುದು ಅವರ ವಾದ. ನಾವಡರ ಬಗ್ಗೆ ಅವರ ಅನುಮಾನ ಏನಿದ್ದರೂ ಈ ಅಳತೆಗೋಲು ಸರಿ. ಅದೇ ಅಳತೆಗೋಲು ಹಿಡಿದರೆ, ಆಯ್ದ ಪದ್ಯಗಳ ಕ್ಯಾಸೆಟ್ ಕೇಳಿ ನಾವಡರು ದೊಡ್ಡ ಭಾಗವತರು ಎನ್ನುವುದಕ್ಕೂ, ಬರೀ ಹಾಡುಗಾರ ಎನ್ನುವುದಕ್ಕೂ ನಮ್ಮ ಹತ್ತಿರ ಸಾಕ್ಷಿ ಇಲ್ಲ. ಸಾಕ್ಷಿ ಇರುವುದು ಗಲಾಟೆಯಿಂದ ತುಂಬಿದ ಡೇರೆಯ ಟೇಪಿನಲ್ಲಿ.

ಇನ್ನೊಂದು ಜಗಳ ಶ್ರುತಿಯದ್ದು. ನಾವಡರು ಇಂಥ ಪದ್ಯವನ್ನು ಕಪ್ಪು ಮೂರರಲ್ಲಿ ಹೇಳಿದ್ದಾ, ಕಪ್ಪು ನಾಲ್ಕರಲ್ಲಾ? ಇದಕ್ಕೆ ಎಂಜಿನಿಯರಿಂಗ್ ಓದುವ ನಾವು ಕೈಹಾಕಬಹುದು. ಕ್ಯಾಸೆಟ್ ಟೇಪ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. ಹಳೇ ಪ್ಲೇಯರಿನ ಬೆಲ್ಟ್, ಮೋಟಾರು ಸರಿ ಇಲ್ಲದಿದ್ದರೆ ವೇಗ ತಪ್ಪುತ್ತದೆ. ಶೇ. 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ: ಕಪ್ಪು ಮೂರು ಹೋಗಿ ಬಿಳಿ ಐದಾಯಿತು. ಶೇ. 12 ಆದರೆ ಕಪ್ಪು ನಾಲ್ಕು. 45 ನಿಮಿಷದ ಬದಿ ನಲವತ್ತೆರಡೂವರೆ ನಿಮಿಷಕ್ಕೇ ಮುಗಿದರೆ ಅನುಮಾನ ಪಡಬೇಕು. ಡೇರೆಯ ಮೈಕ್ ಸೆಟ್ಟಿನ ಗುಂಯ್ ಶಬ್ದದಿಂದಲೂ ಸುಳಿವು ಸಿಗುತ್ತದೆ. ಕರೆಂಟಿನದ್ದಾದರೆ ಅದು 50 ಹರ್ಟ್ಸ್ ಮತ್ತು ಅದರ ಗುಣಕಗಳ ಹತ್ತಿರ ಇರಬೇಕು. ಸ್ಪೆಕ್ಟ್ರಮ್‌ನಲ್ಲಿ 53 ತೋರಿಸಿದರೆ ಟೇಪ್ ಜೋರಾಗಿ ಓಡಿದೆ ಎಂದು ಊಹಿಸಬಹುದು. ಆಗಿನ ಗ್ರಿಡ್ ಈಗಿನಷ್ಟು ಸ್ಥಿರ ಇರಲಿಲ್ಲ, ಜನರೇಟರಾದರೆ ಇನ್ನೂ ಕಷ್ಟ. ಹಾಗಾಗಿ ಇದೊಂದನ್ನೇ ನಂಬಬಾರದು, ಬೇರೆ ಲೆಕ್ಕದ ಜೊತೆ ತಾಳೆ ನೋಡಬೇಕು. ಗಮನಿಸಿ: ಶಬ್ದ ಶುದ್ಧ ಮಾಡುತ್ತೇವೆಂದು ಆ ಗುಂಯ್ ಅನ್ನು ತೆಗೆದುಹಾಕಿದರೆ ಈ ಸುಳಿವೂ ಹೋಯಿತು.

ಹೊರಗಿನ ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕದ ಸೋಲ್ ಸಂಗೀತದ ರಾಣಿ ಅರೆತಾ ಫ್ರಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಹಾಡಿದರು. ಧ್ವನಿಯ ಆಲ್ಬಂ ಅದೇ ವರ್ಷ ಬಂತು, ಭಾರೀ ಮಾರಾಟವಾಯಿತು. ಜೊತೆಗೆ ತೆಗೆದ ಸಿನಿಮಾ ಮಾತ್ರ ಹೊರಬಂದದ್ದು 2018ರಲ್ಲಿ, ಅವರು ತೀರಿಕೊಂಡ ಮೇಲೆ. ತಡವಾದದ್ದಕ್ಕೆ ಮೊದಲ ಕಾರಣ ಸಣ್ಣದು: ಶೂಟಿಂಗ್ ಸಮಯದಲ್ಲಿ ಕ್ಲಾಪ್ ಬೋರ್ಡ್ ಬಳಸಿರಲಿಲ್ಲ, ಹಾಗಾಗಿ ಯಾವ ದೃಶ್ಯಕ್ಕೆ ಯಾವ ಧ್ವನಿ ಎಂದು ಜೋಡಿಸಲು ಆಗಲಿಲ್ಲ. ಅಲ್ಲಿ ದುಡ್ಡಿತ್ತು, ದೊಡ್ಡ ಕಂಪನಿ ಇತ್ತು. ಆದರೂ ಗುರುತು ಹಾಕದೇ ಇದ್ದುದರಿಂದ ದಶಕಗಳು ಹೋದವು.

ನಮ್ಮ ಕಡೆಯ ಟೇಪುಗಳದ್ದೂ ಇದೇ ಕತೆ. ಮೇಲೆ ನಾವಡರು ಎಂದಷ್ಟೇ ಬರೆದಿರುತ್ತದೆ. ಪ್ರಸಂಗ ಯಾವುದು, ಊರು ಯಾವುದು, ವರ್ಷ ಯಾವುದು, ಮದ್ದಳೆ ಯಾರು, ಚೆಂಡೆ ಯಾರು ಎಂಬುದು ಇರುವುದಿಲ್ಲ. ಹಿಡಿದವರಿಗೆ ಎಲ್ಲಾ ನೆನಪಿತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಅವರಿಗೆ ಈಗ ಎಪ್ಪತ್ತು ದಾಟಿದೆ. ಟೇಪಿಗೂ ವಯಸ್ಸಾಗಿದೆ. ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕಾಂತೀಯ ಪದರ ಎದ್ದು ಬರುತ್ತದೆ. ಕ್ಯಾಸೆಟ್ಟಿಗೆ ಬರದೇ ಹೋದ ಪದ್ಯಗಳೆಂದು ಅಭಿಮಾನಿಗಳು ಕೊರಗುತ್ತಾರಲ್ಲ, ಅವುಗಳಲ್ಲಿ ಕೆಲವಾದರೂ ಯಾರದ್ದೋ ಮನೆಯ ಅಟ್ಟದಲ್ಲಿ ಇರಬಹುದು.

ಹಾಗಾಗಿ ಈ ರಜೆಯಲ್ಲಿ ಊರಿಗೆ ಹೋದಾಗ, ಮಣಿಪಾಲದ ರೂಮಿನಿಂದ ಕಾರ್ಕಳಕ್ಕೆ ಹೋಗಲಿ, ಕಾಪುವಿಗೆ ಹೋಗಲಿ, ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಇಟ್ಟ ಟೇಪು ಉಂಟಾ ಎಂದು ಕೇಳಿ. ಇದ್ದರೆ ಮೊದಲು ಪ್ಲೇಯರಿಗೆ ಹಾಕಬೇಡಿ. ಮೊದಲು ಅವರನ್ನು ಕೂರಿಸಿಕೊಂಡು ಯಾವ ಆಟ, ಎಲ್ಲಿ, ಯಾವಾಗ ಎಂದು ಬರೆದುಕೊಳ್ಳಿ. ಬೂಷ್ಟು ಇದ್ದರೆ ತಿಳಿದವರಿಗೆ ತೋರಿಸಿ. ಒಳ್ಳೆಯ ಪ್ಲೇಯರಿನಿಂದ ಒಂದೇ ಸಲ, ವೇವ್ ಫೈಲಿಗೆ, ಆರಂಭದಿಂದ ಕೊನೆಯವರೆಗೆ ಇಳಿಸಿ. ಅರ್ಥ ಬೇಡವೆಂದು ಕತ್ತರಿಸಬೇಡಿ, ಗದ್ದಲ ಬೇಡವೆಂದು ಒರೆಸಬೇಡಿ. ಬೇಕಾದರೆ ಶುದ್ಧ ಮಾಡಿದ ಪ್ರತಿ ಬೇರೆ ಇಟ್ಟುಕೊಳ್ಳಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಉಂಟು. ಇಂಥ ಕೆಲಸ ಗೊತ್ತಿರುವವರನ್ನು ಅಲ್ಲಿ ವಿಚಾರಿಸಬಹುದು.

ಸ್ಟುಡಿಯೋದ ನಾವಡರಾ, ಡೇರೆಯ ನಾವಡರಾ ಎಂಬ ಜಗಳಕ್ಕೆ ನಮ್ಮ ಉತ್ತರ ಇಷ್ಟು. ಸ್ಟುಡಿಯೋದವರು ನಮ್ಮಲ್ಲಿ ಈಗಾಗಲೇ ಇದ್ದಾರೆ, ಅವರ ಪ್ರತಿಗಳು ಸಾವಿರ ಫೋನಿನಲ್ಲಿ ಉಂಟು. ಇಡೀ ರಾತ್ರಿ ಆಟ ನಡೆಸಿದ ಭಾಗವತರು ಮಾತ್ರ ಕೆಲವೇ ಟೇಪುಗಳಲ್ಲಿದ್ದಾರೆ. ಒಂದೊಂದು ಮಳೆಗಾಲಕ್ಕೂ ಆ ಟೇಪುಗಳು ಕಡಿಮೆಯಾಗುತ್ತಾ ಬರುತ್ತಿವೆ. ಯಾರ ಮನೆಯಲ್ಲಾದರೂ ಸಿಕ್ಕಿದರೆ ಸಂಘಕ್ಕೆ ತಿಳಿಸಿ. ಲ್ಯಾಪ್‌ಟಾಪ್, ಕೇಬಲ್ ಹಿಡಿದುಕೊಂಡು ನಾವು ಬರುತ್ತೇವೆ.