ದ್ರಾಕ್ಷಿಯ ಮೇಲೆ ರಾಜಾಜ್ಞೆ

ಕೆಂಪು ವೈನ್ ಎಂದೊಡನೆ ಕ್ಯಾಬರ್ನೆ, ಶಿರಾಜ್ ಹೆಸರುಗಳನ್ನು ನಮ್ಮಲ್ಲಿ ಹಲವರು ಹೇಳಬಲ್ಲರು. ಗಾಮೇ ಎಂಬ ತಳಿಯನ್ನು ಬಲ್ಲವರು ವಿರಳ. ತನ್ನ ತವರಿನಲ್ಲೇ ಬಹಿಷ್ಕಾರಕ್ಕೆ ಗುರಿಯಾದ ದ್ರಾಕ್ಷಿ ಅದು. ವೃತ್ತಿಜೀವನದ ಬಹುಪಾಲನ್ನು ಸರ್ಕಾರಿ ಆದೇಶಗಳ ಕರಡು ತಿದ್ದುವುದರಲ್ಲಿ ಕಳೆದ ನನಗೆ, ಆ ಬಹಿಷ್ಕಾರವನ್ನು ವಿಧಿಸಿದ ಬರ್ಗಂಡಿಯ ಡ್ಯೂಕ್ ಫಿಲಿಪ್‌ನ ಚರಿತ್ರೆಯಲ್ಲಿ ವಿಶೇಷ ಆಸಕ್ತಿ.

ಫ್ರಾನ್ಸಿನ ದೊರೆ ಎರಡನೆಯ ಜಾನ್‌ನ ನಾಲ್ಕನೆಯ ಮಗನಾಗಿ ಫಿಲಿಪ್ ಹುಟ್ಟಿದ್ದು 1342ರಲ್ಲಿ. 1356ರ ಪ್ವಾತಿಯೆ ಕದನದಲ್ಲಿ, 14ರ ಬಾಲಕ, ತಂದೆಯ ಪಕ್ಕ ಬಿಡದೆ ನಿಂತು ಅವನೊಡನೆಯೇ ಇಂಗ್ಲಿಷರ ಸೆರೆಯಾದ. ‘ಧೀರ’ ಎಂಬ ಬಿರುದಿನ ಮೂಲ ಅದು. 1363ರಲ್ಲಿ ಬರ್ಗಂಡಿ ಅವನ ಪಾಲಿಗೆ ಬಂತು. 1369ರಲ್ಲಿ ಫ್ಲಾಂಡರ್ಸ್‌ನ ಉತ್ತರಾಧಿಕಾರಿಣಿ ಮಾರ್ಗರೆಟ್‌ಳನ್ನು ವಿವಾಹವಾದ. 1384ರಲ್ಲಿ ಮಾವ ತೀರಿಕೊಂಡ ಮೇಲೆ ವರ್ತಕರಿಂದ ತುಂಬಿದ ಆ ಸಂಪದ್ಭರಿತ ನಾಡೂ ಅವನದಾಯಿತು. ಬರ್ಗಂಡಿಯ ಪಿನೊ ನ್ವಾರ್ ದ್ರಾಕ್ಷಿಯ ವೈನಿಗೆ ಉತ್ತರದ ಈ ನಾಡುಗಳಲ್ಲಿ ದೊಡ್ಡ ಹೆಸರಿತ್ತು.

ಆ ಹೆಸರಿಗೆ ಗಾಮೇಯಿಂದ ಕುಂದು ಬರುತ್ತದೆಂಬುದು ಡ್ಯೂಕನ ಭೀತಿ. 1395ರ ಜುಲೈ 31ರಂದು ಅವನ ಆಜ್ಞೆ ಹೊರಟಿತು. ಗಾಮೇ ಬಳ್ಳಿಗಳನ್ನು ಕಿತ್ತುಹಾಕಬೇಕು, ತಪ್ಪಿದರೆ ದಂಡ. ಇಳುವರಿಗಾಗಿ ದ್ರಾಕ್ಷಿ ತೋಟಗಳಿಗೆ ಗೊಬ್ಬರ ಹಾಕುವುದಕ್ಕೂ ನಿಷೇಧ. ಗಾಮೇ ವೈನ್ ಕಹಿ, ಆರೋಗ್ಯಕ್ಕೂ ಹಾನಿಕರ ಎಂಬ ಸಮರ್ಥನೆ ಬೇರೆ. (ಆದೇಶಕ್ಕೆ ಆರೋಗ್ಯದ ಕಾರಣವನ್ನೂ ಲಗತ್ತಿಸುವ ಜಾಣತನ ಇಂದಿನದಲ್ಲ!)

ಬೆಳೆಗಾರನ ಲೆಕ್ಕಾಚಾರ ಬೇರೆಯಿತ್ತು. 1348ರ ಮಹಾ ಪ್ಲೇಗಿನ ನಂತರ ಕೂಲಿಯಾಳುಗಳು ದುರ್ಲಭರಾಗಿದ್ದರು. ಪಿನೊ ನಾಜೂಕಿನ ಬಳ್ಳಿ, ಫಸಲು ಕಡಿಮೆ. ಗಾಮೇ ಅದಕ್ಕಿಂತ ಸುಮಾರು ಎರಡು ವಾರ ಮೊದಲೇ ಹಣ್ಣಾಗುತ್ತದೆ, ಧಾರಾಳವಾಗಿ ಫಲ ಕೊಡುತ್ತದೆ. ಬಡ ರೈತ ಅದನ್ನು ನೆಟ್ಟದ್ದು ಹೊಟ್ಟೆಪಾಡಿಗೆ. ಒಂದು ಪ್ರದೇಶದ ಕೀರ್ತಿ ಎಲ್ಲ ಬೆಳೆಗಾರರ ಸಮಾನ ಸ್ವತ್ತು, ಅದನ್ನು ಕಾಯುವವರು ಬೇಕು ಎಂಬ ಡ್ಯೂಕನ ವಾದವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ತಳ್ಳಿಹಾಕಲಾರೆ. ಆದರೆ ಅದರ ಬೆಲೆಯನ್ನು ತೆರಬೇಕಾದವನು, ಕೊಯ್ಲಿಗೆ ಮುನ್ನ ಫಲ ಹೊತ್ತ ಬಳ್ಳಿಯ ಮುಂದೆ ನಿಂತ ಸಣ್ಣ ಹಿಡುವಳಿದಾರ. ಡಿಜೋನ್ ನಗರಸಭೆಯೇ ಆಜ್ಞೆಯನ್ನು ಆಕ್ಷೇಪಿಸಿತು. ಮುಂದೆ ಮೊಮ್ಮಗನೂ ನಿಷೇಧವನ್ನು ಪುನರುಚ್ಚರಿಸಬೇಕಾಯಿತೆಂದರೆ ಮೊದಲ ಆಜ್ಞೆ ಎಷ್ಟರಮಟ್ಟಿಗೆ ಜಾರಿಯಾಗಿದ್ದೀತೆಂದು ಓದುಗರೇ ಊಹಿಸಬಹುದು.

ಫಿಲಿಪ್ 1404ರಲ್ಲಿ ಬ್ರಸೆಲ್ಸ್ ಸಮೀಪದ ಹಾಲೆಯಲ್ಲಿ ತೀರಿಕೊಂಡ. ವೈಭವದ ಬದುಕು ಸಾಲವನ್ನೂ ಉಳಿಸಿತ್ತು. ಸಾಲದ ಹೊಣೆಯಿಂದ ಪಾರಾಗಲು ಮಾರ್ಗರೆಟ್ ಸಂಪ್ರದಾಯದಂತೆ ತನ್ನ ನಡುಪಟ್ಟಿ, ಹಣದ ಚೀಲ, ಬೀಗದ ಕೈಗಳನ್ನು ಗಂಡನ ಶವಪೆಟ್ಟಿಗೆಯ ಮೇಲಿಟ್ಟು, ಅವನ ಚರಾಸ್ತಿಯ ಹಕ್ಕು ತೊರೆದಳೆಂದು ಆ ಕಾಲದ ಇತಿಹಾಸಕಾರರು ದಾಖಲಿಸಿದ್ದಾರೆ. ಶಿಲ್ಪಿ ಕ್ಲೌಸ್ ಸ್ಲೂಟರ್ ಕೈಯಾಡಿಸಿದ ಅವನ ಸಮಾಧಿಯನ್ನು ಡಿಜೋನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಗಾಮೇ ಮಾತ್ರ ಅಳಿಯಲಿಲ್ಲ. ದಕ್ಷಿಣದ ಬೋಜೊಲೆಯ ಗ್ರಾನೈಟ್ ಗುಡ್ಡಗಳು ಅದಕ್ಕೆ ಒಗ್ಗಿದವು. ಮೋರ್ಗೋನ್, ಫ್ಲೂರಿಗಳ ವೈನ್ ಇಂದು ಹೆಸರುವಾಸಿ. ಲ್ವಾರ್ ಕಣಿವೆಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿಯೂ ಅದು ಬೆಳೆಯುತ್ತದೆ. ಬರ್ಗಂಡಿಯಲ್ಲೇ ಪಿನೊ ಜೊತೆ ಬೆರೆಸಿ ಮಾಡುವ ಒಂದು ವೈನಿಗೆ ಕಾನೂನಿನ ಮಾನ್ಯತೆಯಿದೆ. 1999ರಲ್ಲಿ ಪ್ರಕಟವಾದ ಡಿಎನ್ಎ ಸಂಶೋಧನೆ ಗಾಮೇಯ ವಂಶಾವಳಿಯನ್ನು ಬಿಡಿಸಿಟ್ಟಿತು: ಒಂದು ಕಡೆ ರೈತರ ಸಾಧಾರಣ ಬಿಳಿ ದ್ರಾಕ್ಷಿ ಗುವೇ ಬ್ಲಾಂ, ಇನ್ನೊಂದು ಕಡೆ ಡ್ಯೂಕನ ಪ್ರೀತಿಯ ಪಿನೊ.