ಏರೋಪ್ಲೇನ್ ಚಿಟ್ಟೆಗಳ ಲೆಕ್ಕ ಬರೆದಿಟ್ಟ ಡಾಕ್ಟರ್ ಫ್ರೇಜರ್

ಗದ್ದೆ ಬದಿ, ತೋಡಿನ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಆಡದ ಮಕ್ಕಳು ಕಡಿಮೆ. ಆದ್ರೆ ಅವುಗಳಲ್ಲಿ ಎಷ್ಟೊಂದು ಜಾತಿ ಇವೆ ಎಂದು ಹುಡುಕಿ, ಗುರುತು ಬರೆದಿಟ್ಟವರಲ್ಲಿ ದೊಡ್ಡ ಹೆಸರು ಫ್ರೆಡರಿಕ್ ಚಾರ್ಲ್ಸ್ ಫ್ರೇಜರ್ ಅವರದ್ದು.

1880ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫ್ರೇಜರ್ ವೃತ್ತಿಯಲ್ಲಿ ಡಾಕ್ಟರ್. ಇಂಡಿಯನ್ ಮೆಡಿಕಲ್ ಸರ್ವೀಸ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು. ಹುಳ ಹುಡುಕೋದು ಅವರ ಸ್ವಂತ ಆಸೆ. ಕೊಡಗು, ನೀಲಗಿರಿ, ವಯನಾಡಿನ ತೊರೆಗಳಲ್ಲಿ ಬಲೆ ಹಿಡಿದು ಅಲೆದರು.

ಹೊಸ ಜಾತಿ ಅಂತ ಹೇಳೋದು ಸುಲಭ ಅಲ್ಲ. ಸತ್ತ ಮೇಲೆ ಮೈಬಣ್ಣ ಮಾಸುತ್ತೆ. ಹಾಗಾಗಿ ರೆಕ್ಕೆಯ ನರಗಳನ್ನು ನೋಡಬೇಕು, ಗಂಡಿನ ಬಾಲದ ತುದಿಯ ಕೊಂಡಿಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಹಳೇ ದಾಖಲೆ ಜೊತೆ ತಾಳೆ ಹಾಕಬೇಕು. ಕೊಡಗು-ವಯನಾಡಿನ ನೆರಳಿನ ತೊರೆಗಳಲ್ಲಿರುವ ಮೆಲನೋನ್ಯೂರಾ ಬೈಲಿನಿಯೇಟಾವನ್ನು 1922ರಲ್ಲಿ ಹೀಗೇ ವಿವರಿಸಿದರು. ಮರುವರ್ಷ ಇನ್ನೊಂದು ದೊಡ್ಡ ಜಾತಿಗೆ, ಕೊಡಗಿನ ಕಮಿಷನರ್ ಆಗಿದ್ದ ಚಿಟ್ಟೆ ಪ್ರೇಮಿ ಹ್ಯಾನಿಂಗ್ಟನ್ ಹೆಸರಿಟ್ಟರು.

1933, 1934, 1936ರಲ್ಲಿ ಅವರ ಮೂರು ಸಂಪುಟಗಳು ಬಂದವು. ಇಂದಿಗೂ ಈ ಹುಳಗಳ ಅಧ್ಯಯನಕ್ಕೆ ಇಳಿದವರು ಅದನ್ನು ತೆರೆಯದೆ ಮುಂದೆ ಹೋಗಲ್ಲ. ಫ್ರೇಜರ್ 1963ರಲ್ಲಿ ತೀರಿಕೊಂಡರು.

ಏರೋಪ್ಲೇನ್ ಚಿಟ್ಟೆ ಹಾರೋದು ಸ್ವಲ್ಪ ದಿನ ಮಾತ್ರ. ಅದಕ್ಕೂ ಮೊದಲು ಮರಿಯಾಗಿ ನೀರಿನೊಳಗೇ ಇದ್ದು, ಸೊಳ್ಳೆ ಮರಿಗಳನ್ನೂ ತಿಂದು ಬೆಳೆಯುತ್ತೆ. ತೋಡು ಬತ್ತಿದರೆ, ಕಸ ತುಂಬಿದರೆ ಅದರ ಮನೆಯೇ ಹೋದಂತೆ. ಆಮೇಲೆ ಫ್ರೇಜರ್ ಇಟ್ಟ ಹೆಸರು ಪುಸ್ತಕದಲ್ಲಿ ಇರುತ್ತೆ, ಹುಳ ಇರಲ್ಲ.